ನಡುಮನೆಯ ಐದು ನಾಲಗೆ

ಹೊಸ ಅಗ್ರಹಾರದ ನಮ್ಮ ಮನೆಯಲ್ಲಿ ಮೊದಲ ಮಾತು ಯಾವತ್ತೂ ದೊಡ್ಡಪ್ಪನದು. ಗದ್ದೆಗೆ ನೀರು ಕಟ್ಟುವುದರಿಂದ ಹಿಡಿದು ಮದುವೆ ಮನೆಯಲ್ಲಿ ಎಷ್ಟು ಮುಯ್ಯಿ ಹಾಕಬೇಕು ಅನ್ನುವವರೆಗೆ ಅವರು ಬಾಯಿ ಬಿಟ್ಟ ಮೇಲೆಯೇ ಉಳಿದವರ ಬಾಯಿಗೆ ಕೆಲಸ. ಇಂಥ ಪದ್ಧತಿಗೆ ಎದುರು ನಿಂತದ್ದು ಮಕ್ಕಳಲ್ಲ, ಸೊಸೆಯಂದಿರಲ್ಲ. ಅಟ್ಟದ ಮೇಲೆ ಕೂತ ಒಂದು ಪರದೆ ಒಡೆದ ಲ್ಯಾಪ್‌ಟಾಪು.

ಅದನ್ನು ಅಲ್ಲಿ ಕೂರಿಸಿದವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಚಿಕ್ಕಪ್ಪನ ಮಗ. ಹಬ್ಬಕ್ಕೆ ಬಂದವನು ಸುಮ್ಮನೆ ಉಂಡು ಮಲಗುವುದು ಬಿಟ್ಟು, ಹಳೇ ಲ್ಯಾಪ್‌ಟಾಪಿಗೆ ಒಂದು ಹಾರ್ಡ್ ಡಿಸ್ಕು ಸಿಕ್ಕಿಸಿ, ಭತ್ತದ ಮೂಟೆಗಳ ಪಕ್ಕದಿಂದ ಒಂದು ತಂತಿ ಎಳೆದು, “ಅಣ್ಣ, ಇದು ಮೀಡಿಯಾ ಸರ್ವರ್ರು. ಸಿನಿಮಾ, ಹಾಡು, ಮದ್ವೆ ವಿಡಿಯೋ ಎಲ್ಲಾ ಇದ್ರೊಳಗೇ. ನಡುಮನೆ ಟಿ.ವಿ.ಲಾದ್ರೂ ನೋಡಿ, ಮೊಬೈಲ್‌ನಲ್ಲಾದ್ರೂ ನೋಡಿ” ಅಂದ. ಅದರಲ್ಲಿ ಓಡುವುದು ಜೆಲ್ಲಿಫಿನ್ ಎನ್ನುವ ಪುಕ್ಕಟೆ ತಂತ್ರಾಂಶ. 2018ರ ಕೊನೆಯಲ್ಲಿ ಎಂಬಿ ಎನ್ನುವ ಇನ್ನೊಂದರಿಂದ ಬೇರೆಯಾಗಿ ಬಂದದ್ದು. ಸಿನಿಮಾಗಳನ್ನೆಲ್ಲ ಎಲ್ಲಿಂದ ತಂದೆ ಎಂದು ನಾನು ಕೇಳಲಿಲ್ಲ. ಬೆಂಗಳೂರಿನಿಂದ ಬಂದವರನ್ನು ಹಾಗೆಲ್ಲ ಕೇಳುವ ವಾಡಿಕೆ ನಮ್ಮಲ್ಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಕೆಜಿಎಫ್ ಹಾಕಿದೆವು. ಕೋಲಾರದ ಗಣಿಯ ಕತೆ, ಯಶ್ ನಾಯಕ. ದೊಡ್ಡಪ್ಪ ಎಲೆ ಅಡಿಕೆ ತಟ್ಟೆ ಹತ್ತಿರ ಎಳೆದುಕೊಂಡು ಗೋಡೆಗೆ ಒರಗಿದರು. ಸಿನಿಮಾ ಶುರುವಾಯಿತು. ಎಲ್ಲರೂ ಹಿಂದಿ ಮಾತಾಡತೊಡಗಿದರು. ದೊಡ್ಡಪ್ಪ ಸ್ವಲ್ಪ ಹೊತ್ತು ಸಹಿಸಿಕೊಂಡು, ಬಾಯಲ್ಲಿದ್ದ ಎಲೆಯನ್ನು ಒಂದು ಪಕ್ಕಕ್ಕೆ ಸರಿಸಿ ಕೇಳಿದರು: “ಲೋ ಮಗ, ಮೈಸೂರಲ್ ಬೆಳ್ದ ಹೈದ ಹಿಂದೀಲಿ ಯಾಕ್ಲಾ ಬಯ್ತಾವ್ನೆ?”

ತಮ್ಮ ರಿಮೋಟು ಒತ್ತಿದ. ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಬಿಚ್ಚಿಕೊಂಡಿತು: ಹಿಂದಿ, ತಮಿಳು, ತೆಲುಗು, ಕನ್ನಡ, ಮಲಯಾಳಂ. 2018ರ ಡಿಸೆಂಬರಿನಲ್ಲಿ ಈ ಐದೂ ಭಾಷೆಯಲ್ಲಿ ಬಿಡುಗಡೆಯಾದ ಸಿನಿಮಾ ಅದು, ಐದೂ ನಾಲಗೆಯನ್ನು ಒಂದೇ ಫೈಲಿನಲ್ಲಿ ಇಟ್ಟುಕೊಂಡಿತ್ತು. ಕನ್ನಡ ಆರಿಸಿದ, ಯಶ್ ಕನ್ನಡದಲ್ಲಿ ಬೈಯತೊಡಗಿದ, ದೊಡ್ಡಪ್ಪನಿಗೆ ಸಮಾಧಾನವಾಯಿತು. ಆದರೆ ಮಾರನೇ ದಿನ ಇನ್ನೊಂದು ಸಿನಿಮಾ ಹಾಕಿದರೆ ಅದು ತೆಲುಗಿನಲ್ಲಿ ಬಾಯಿ ತೆಗೆಯಿತು. ಮತ್ತೊಂದು ತಮಿಳಿನಲ್ಲಿ. ಪ್ರತಿ ಸಿನಿಮಾಕ್ಕೂ ಮೊದಲು ರಿಮೋಟು ಹುಡುಕುವುದು, ಕನ್ನಡಕ ಹುಡುಕುವುದು, ಆಮೇಲೆ ಕನ್ನಡ ಹುಡುಕುವುದು. ಊರಲ್ಲಿ ಸುದ್ದಿಯಾಯಿತು, ಅವರ ಮನೆ ಟಿ.ವಿ.ಗೆ ಕನ್ನಡ ಬರಲ್ವಂತೆ ಅಂತ.

ನನಗೇನೋ ಇದು ಅಷ್ಟು ಹೊಸ ಕತೆ ಅನ್ನಿಸಲಿಲ್ಲ. ನಮ್ಮ ಹಳ್ಳಿಗಳಲ್ಲಿ ಕರೆಯದೆ ಬಂದು ಮೊದಲು ಮಾತಾಡಿದ ಪರದೆಗಳೆಲ್ಲ ಹೀಗೇ. ಟೆಂಟು ಸಿನಿಮಾದ ಕಾಲ ನೆನೆಯಿರಿ. ಸುಗ್ಗಿ ಮುಗಿದ ಮೇಲೆ ಬಯಲಲ್ಲಿ ಟೆಂಟು ಎದ್ದರೆ, ಟಿಕೆಟ್ ಕೊಡಲು ಶುರುಮಾಡಿದ್ದಾರೆ ಅನ್ನುವುದಕ್ಕೆ ಗುರುತು ಘಂಟಸಾಲ ಹಾಡಿದ ವೆಂಕಟೇಶನ ಸ್ತುತಿ. ಕರ್ನಾಟಕದ ಎಷ್ಟೋ ಟೆಂಟುಗಳಲ್ಲಿ ಅದೇ ಕರೆಗಂಟೆ. ಒಳಗೆ ರಾಜ್‌ಕುಮಾರ್ ಸಿನಿಮಾ, ಹೊರಗೆ ತೆಲುಗಿನ ಗಾಯಕ. ಆ ದನಿ ಕಿವಿಗೆ ಬಿದ್ದೊಡನೆ ಅರ್ಧ ಉಂಡ ಮುದ್ದೆ ಬಿಟ್ಟು ಓಡಿದವರಲ್ಲಿ ಒಬ್ಬರಾದರೂ ಅದು ಯಾವ ಭಾಷೆ ಎಂದು ನಿಂತು ಕೇಳಿದ್ದಿಲ್ಲ.

ರೇಡಿಯೊ ಈ ವಿಷಯದಲ್ಲಿ ಸಭ್ಯ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಶುರುಮಾಡಿದ ಆಕಾಶವಾಣಿ ನಮ್ಮ ಕಡೆಯ ಜಗುಲಿಗಳಲ್ಲೆಲ್ಲ ಕನ್ನಡದಲ್ಲೇ ಎದ್ದು ಕನ್ನಡದಲ್ಲೇ ಮಲಗುತ್ತಿತ್ತು; ಮುಳ್ಳು ತುಸು ಜಾರಿದರೆ ಮಾತ್ರ ಸಿಲೋನು. ಟಿ.ವಿ. ಬಂದ ಮೇಲೆ ಕತೆ ಬೇರೆಯಾಯಿತು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ರಮಾನಂದ ಸಾಗರರ ರಾಮಾಯಣ. ಊರಿಗೆಲ್ಲ ಇದ್ದ ಒಂದೆರಡು ಟಿ.ವಿ.ಗಳ ಮುಂದೆ ಜನ ಚಪ್ಪಲಿ ಬಿಟ್ಟು ಕೂರುತ್ತಿದ್ದರು. ರಾಮ ಹಿಂದಿ, ಸೀತೆ ಹಿಂದಿ, ಹನುಮಂತನೂ ಹಿಂದಿ. ನಮ್ಮಲ್ಲಿ ಎರಡನೇ ಧ್ವನಿಯಾಗಿ ಇದ್ದವರು ಮಿಲಿಟರಿಯಿಂದ ನಿವೃತ್ತರಾಗಿ ಬಂದ ಒಬ್ಬ ಮಾವ. ರಾವಣ ಒಂದು ಮಾತಾಡಿ ಮುಗಿಸಿದ ಮೇಲೆ ಇವರು ಅದನ್ನು ಕನ್ನಡಕ್ಕೆ ತರುತ್ತಿದ್ದರು. ತರುವಷ್ಟರಲ್ಲಿ ಮಂಡೋದರಿ ಅಳಲು ಶುರುಮಾಡಿರುತ್ತಿದ್ದಳು. ಹಾಗಾಗಿ ನಮ್ಮೂರಿನ ರಾಮಾಯಣದಲ್ಲಿ ರಾವಣನ ಅಟ್ಟಹಾಸವೆಲ್ಲ ಮಂಡೋದರಿಯ ಮುಖದ ಮೇಲೆ. ಮಾವನಿಗೆ ತಿಳಿಯದ ಮಾತು ಬಂದಾಗ “ಅದೇ, ಧರ್ಮದ ವಿಚಾರ” ಅಂದುಬಿಡುತ್ತಿದ್ದರು. ಇವತ್ತಿಗೂ ನಮ್ಮ ಮನೆಯಲ್ಲಿ ಅರ್ಥವಾಗದ್ದೆಲ್ಲ ಧರ್ಮದ ವಿಚಾರವೇ. ಕರೆಂಟ್ ಬಿಲ್ಲಿನ ಹಿಂಭಾಗವೂ ಸೇರಿ.

ಆಮೇಲಿನ ಮಕ್ಕಳು ಕಾರ್ಟೂನು ನೋಡಿ ಹಿಂದಿ ಕಲಿತವು, ತಮಿಳು ಕಲಿತವು. 2009ರಲ್ಲಿ ಚಿಂಟು ಟಿ.ವಿ. ಬರುವವರೆಗೆ ಕನ್ನಡದಲ್ಲಿ ಮಕ್ಕಳಿಗೆಂದೇ ಒಂದು ವಾಹಿನಿ ಇರಲಿಲ್ಲ. ಸೆಟ್‌ಟಾಪ್ ಪೆಟ್ಟಿಗೆಯ ರಿಮೋಟಿನಲ್ಲಿ ಭಾಷೆಯ ಗುಂಡಿ ಇತ್ತು ನಿಜ, ಒತ್ತಿದರೆ ಬೇರೆಯವರೆಲ್ಲ ಬರುತ್ತಿದ್ದರು, ನಾವು ಬರುತ್ತಿರಲಿಲ್ಲ.

ಯಾಕೆ ಬರುತ್ತಿರಲಿಲ್ಲ ಅನ್ನುವುದಕ್ಕೆ ದೊಡ್ಡಪ್ಪನೇ ಸಾಕ್ಷಿ. ಅರವತ್ತರ ದಶಕದಲ್ಲಿ ಅವರು ಮೈಸೂರಿನಲ್ಲಿ ಓದುತ್ತಿದ್ದ ಹುಡುಗ. ಅ.ನ. ಕೃಷ್ಣರಾಯರು, ಮ. ರಾಮಮೂರ್ತಿಯವರು ಡಬ್ಬಿಂಗ್ ಬೇಡವೆಂದು ಎದ್ದಿದ್ದರು, ರಾಜ್‌ಕುಮಾರ್ ಜೊತೆಗಿದ್ದರು. ಹೊರಗಿನ ಸಿನಿಮಾಗಳಿಗೆ ಕನ್ನಡದ ದನಿ ಅಂಟಿಸಿ ತಂದು ಸುರಿದರೆ ಇಲ್ಲಿ ಕನ್ನಡ ಸಿನಿಮಾ ಮಾಡುವವರು ಯಾರು, ನಮ್ಮ ಕಲಾವಿದರು ಉಣ್ಣುವುದೇನು ಎನ್ನುವುದು ಅವರ ವಾದ. ಆ ಕಾಲಕ್ಕೆ ಅದು ಸುಳ್ಳಲ್ಲ. ದೊಡ್ಡಪ್ಪನೂ ಗುಂಪಿನಲ್ಲಿ ನಿಂತು ಕೂಗಿದ್ದರಂತೆ. ಡಬ್ಬಿಂಗ್ ನಿಂತಿತು. ಕಾನೂನಿನಿಂದಲ್ಲ, ಕಟ್ಟುಪಾಡಿನಿಂದ. ಕಾನೂನಾಗಿದ್ದರೆ ಅದಕ್ಕೊಂದು ತಿದ್ದುಪಡಿ ಬರುತ್ತಿತ್ತು, ಕಟ್ಟುಪಾಡಿಗೆ ತಿದ್ದುಪಡಿ ಇಲ್ಲ. ಅದು ಸುಮಾರು ಅರ್ಧ ಶತಮಾನ ನಡೆಯಿತು. ಕೊನೆಗೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ಅಡ್ಡಿ ಎಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿದಂತೆ ಕೆಲವು ಸಂಸ್ಥೆಗಳಿಗೆ ದಂಡ ಹಾಕಿತು. 2017ರಲ್ಲಿ ತಮಿಳಿನ ಅಜಿತ್ ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡ ಮಾತಾಡುತ್ತ ಚಿತ್ರಮಂದಿರಕ್ಕೆ ಬಂದ. ಅದಾದ ಮೇಲೆ ಹಾದಿ ಎರಡೂ ಕಡೆಗೆ ತೆರೆಯಿತು: ಅವರು ಕನ್ನಡದಲ್ಲಿ ಬಂದರು, ನಮ್ಮವರು ಐದು ಭಾಷೆಯಲ್ಲಿ ಹೋದರು. ಹೋದವರು ನಮ್ಮ ಅಟ್ಟಕ್ಕೆ ಮರಳುವಾಗ ಹಿಂದಿಯನ್ನು ಮುಂದಿಟ್ಟುಕೊಂಡು ಬಂದರು, ಅಷ್ಟೇ.

ಯಾಕೆ ಹಾಗೆ ಬಂದರು ಅನ್ನುವುದನ್ನು ತಮ್ಮ ನನಗೆ ಅಟ್ಟದ ಏಣಿಯ ಮೇಲೆ ನಿಂತೇ ಬಿಡಿಸಿ ಹೇಳಿದ. ಯಂತ್ರಕ್ಕೆ ಕಿವಿಯಿಲ್ಲ. ಅದು ಸಿನಿಮಾ ಕೇಳಿ ಭಾಷೆ ಗುರುತಿಸುವುದಿಲ್ಲ, ಫೈಲಿನ ತಲೆಯಲ್ಲಿ ಅಂಟಿಸಿದ ಚೀಟಿ ಓದುತ್ತದೆ. ಪ್ರತಿ ಧ್ವನಿಗೂ ಒಂದು ಚೀಟಿ. ಅದರಲ್ಲಿ ಭಾಷೆಯ ಮೂರಕ್ಷರದ ಗುರುತು, ಜೊತೆಗೆ ‘ಡಿಫಾಲ್ಟ್’ ಎನ್ನುವ ಒಂದು ಬಾವುಟ, ಹೌದು ಅಥವಾ ಇಲ್ಲ. ನೋಡುವವನು ನನಗೆ ಇಂಥ ಭಾಷೆ ಬೇಕೆಂದು ಮೊದಲೇ ಹೇಳಿಟ್ಟಿದ್ದರೆ ಸರ್ವರ್ ಆ ಗುರುತು ಹುಡುಕುತ್ತದೆ. ಹೇಳಿಲ್ಲದಿದ್ದರೆ ಬಾವುಟ ಯಾರ ಕೈಲಿದೆಯೋ ಅವರು ಮಾತಾಡುತ್ತಾರೆ. ಬಾವುಟ ಯಾರ ಕೈಲೂ ಇಲ್ಲದಿದ್ದರೆ ಸಾಲಿನಲ್ಲಿ ಮುಂದೆ ನಿಂತವರು. ಫೈಲು ಕಟ್ಟಿದ ಪುಣ್ಯಾತ್ಮ ಯಾರೋ, ಎಲ್ಲಿಯವನೋ, ಅವನ ಮನೆಯಲ್ಲಿ ಹಿಂದಿಯೋ ತೆಲುಗೋ ಇದ್ದಿರಬೇಕು. ಅವನು ಕಂಡವರಿಗೆ ಬಾವುಟ ಕೊಟ್ಟ, ನಮ್ಮ ನಡುಮನೆಯಲ್ಲಿ ಅವರು ಮಾತಾಡಿದರು.

ಇನ್ನೊಂದು ತಮಾಷೆ. ಈ ಸಿನಿಮಾಗಳು ಇರುವುದು ಎಂಕೆವಿ ಎನ್ನುವ ಪೆಟ್ಟಿಗೆಯಲ್ಲಿ. ಅದರ ನಿಯಮದ ಪ್ರಕಾರ ಬಾವುಟದ ಜಾಗದಲ್ಲಿ ಏನೂ ಬರೆಯದೆ ಬಿಟ್ಟರೆ ‘ಹೌದು’ ಎಂದೇ ಲೆಕ್ಕ. ಐದೂ ಧ್ವನಿಗೆ ಬರೆಯದೆ ಬಿಟ್ಟರೆ ಐದೂ ಡಿಫಾಲ್ಟು. ಒಂದೇ ಊರಿನಲ್ಲಿ ಐವರಿಗೆ ಪಟೇಲಿಕೆ ಕೊಟ್ಟ ಹಾಗೆ. ಭಾಷೆಯ ಜಾಗ ಖಾಲಿ ಬಿಟ್ಟರಂತೂ ಅದು ಇಂಗ್ಲಿಷ್ ಎಂದೇ ಅರ್ಥ.

ಇದು ಎಂಕೆವಿಯ ಪಾಡು ಮಾತ್ರವಲ್ಲ ಅನ್ನುವುದು ಗೊತ್ತಾದದ್ದು ದೊಡ್ಡಮ್ಮನಿಂದ. ತಂಗಿಯ ಮದುವೆಯ ಚಪ್ಪರದ ದಿನ ದೊಡ್ಡಮ್ಮ ಮತ್ತವರ ಗೆಳತಿಯರು ಕೂತು ಸೋಬಾನೆ ಹೇಳಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದೂ ಸರ್ವರ್ ಸೇರಿತ್ತು. ಪರದೆಯ ಮೇಲೆ ದೊಡ್ಡಮ್ಮ ಕೆನ್ನೆಗೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿ ಪದ ಎತ್ತಿದ್ದಾರೆ, ಪಕ್ಕದವರು ಅರಿಶಿನ ಕುಟ್ಟುತ್ತ ಸೊಲ್ಲು ಹಿಡಿದಿದ್ದಾರೆ, ಕೆಳಗೆ ಸರ್ವರ್ ಬರೆದಿದೆ: ಇಂಗ್ಲಿಷ್, ಸ್ಟೀರಿಯೊ. ಮಗಳು ಅದನ್ನು ಗಟ್ಟಿಯಾಗಿ ಓದಿದಳು. “ನಾನ್ ಯಾವತ್ತವ್ವ ಇಂಗ್ಲೀಸಲ್ ಹಾಡ್ದೆ?” ಅಂದರು ದೊಡ್ಡಮ್ಮ. ಆಂಡ್ರಾಯ್ಡ್ ಫೋನಿನಲ್ಲಿ ತೆಗೆದ ಎಷ್ಟೋ ವಿಡಿಯೋಗಳ ಧ್ವನಿಗೆ ಇ-ಎನ್-ಜಿ ಎನ್ನುವ ಚೀಟಿ ತಾನಾಗಿಯೇ ಅಂಟಿಕೊಂಡಿರುತ್ತದೆ. ಕರು ಹಾಕುವಾಗ ಹಸು ಕೂಗಿದ್ದು, ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಮೈಕಿನವನು ಕಳೆದುಹೋದ ಮಗುವಿನ ಹೆಸರು ಕೂಗಿದ್ದು, ಎಲ್ಲವೂ ನಮ್ಮ ಸರ್ವರಿನ ಲೆಕ್ಕದಲ್ಲಿ ಶುದ್ಧ ಇಂಗ್ಲಿಷ್.

ಮೂರಕ್ಷರದ ಗುರುತಿನ ಪಟ್ಟಿಯನ್ನೇ ಒಮ್ಮೆ ತೆರೆದು ನೋಡಿದೆ, ಒಳ್ಳೆಯ ಓದು ಅದು. ಕನ್ನಡಕ್ಕೆ ಕೆ-ಎ-ಎನ್. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಅರವತ್ತು ವರ್ಷದಿಂದ ಇರುವ ಟಿಬೆಟಿಯನ್ನರ ಭಾಷೆಗೆ ಅದೇ ಪಟ್ಟಿಯಲ್ಲಿ ಎರಡು ಗುರುತು, ಬಿ-ಒ-ಡಿ ಮತ್ತು ಟಿ-ಐ-ಬಿ. ಪಕ್ಕದ ಕೊಡವರ ಭಾಷೆಗೆ ಒಂದೂ ಇಲ್ಲ, ತುಳುವಿಗೂ ಇಲ್ಲ. ಅವರಿಬ್ಬರಿಗೂ ಜಾಗ ಸಿಕ್ಕಿದ್ದು 2007ರಲ್ಲಿ ಬಂದ ಇನ್ನೂ ಉದ್ದದ ಪಟ್ಟಿಯಲ್ಲಿ. ಯಾವ ಭಾಷೆ ಎಂದು ತಿಳಿಯದಿದ್ದರೆ ಒಂದು ಗುರುತು, ಹಲವು ಭಾಷೆ ಬೆರೆತಿದ್ದರೆ ಒಂದು ಗುರುತು. ಭಾಷೆಯೇ ಇಲ್ಲದ ಧ್ವನಿಗೂ ಒಂದಿದೆ: ಜೆಡ್-ಎಕ್ಸ್-ಎಕ್ಸ್. ನೋಡಿದ ಕೂಡಲೇ ‘ಪುಷ್ಪಕ ವಿಮಾನ’ ನೆನಪಾಯಿತು. 1987ರಲ್ಲಿ ಸಿಂಗೀತಂ ಶ್ರೀನಿವಾಸರಾಯರು ಬೆಂಗಳೂರಿನಲ್ಲಿ ಚಿತ್ರೀಕರಿಸಿದ, ಒಂದು ಮಾತೂ ಇಲ್ಲದ ಸಿನಿಮಾ. ಶೃಂಗಾರ್ ನಾಗರಾಜ್ ಅದರ ನಿರ್ಮಾಪಕರಲ್ಲೊಬ್ಬರು. ಡಬ್ಬಿಂಗ್ ಜಗಳದ ನಟ್ಟನಡುವೆ, ತೆಲುಗಿನ ನಿರ್ದೇಶಕ ತಮಿಳಿನ ಕಮಲ ಹಾಸನ್‌ನನ್ನು ಇಟ್ಟುಕೊಂಡು ಮಾಡಿದ ಸಿನಿಮಾ ಎಲ್ಲ ಭಾಷೆಯವರ ಊರಿಗೂ ಹೆಸರೊಂದನ್ನು ಬದಲಿಸಿಕೊಂಡು ಹಾಗೇ ಹೋಯಿತು. ಕಟ್ಟುಪಾಡು ಮಾಡಿದವರು ಬಾಯಿಬಿಡಲು ಅಲ್ಲಿ ಏನೂ ಇರಲಿಲ್ಲ. ನಮ್ಮ ಸರ್ವರಿನಲ್ಲಿರುವ ಪ್ರತಿಗೆ ಇಂಗ್ಲಿಷ್ ಚೀಟಿ ಇತ್ತು. ತೆಗೆಸಿ ಜೆಡ್-ಎಕ್ಸ್-ಎಕ್ಸ್ ಬರೆಸಿದೆ. ಯಾರಿಗೂ ಉಪಯೋಗವಿಲ್ಲದ ಕೆಲಸ, ಆದರೆ ಬಹಳ ದಿನದ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದೆ ಅನ್ನಿಸಿತು.

ದುರಸ್ತಿ ಎರಡು ಕಡೆಯಿಂದ ಆಯಿತು. ಮೊದಲನೆಯದು ಸರ್ವರಿನ ಸೆಟ್ಟಿಂಗು. ಅಲ್ಲಿ ಮೆಚ್ಚಿನ ಧ್ವನಿಯ ಭಾಷೆ ಯಾವುದು ಎಂದು ಒಂದು ಪೆಟ್ಟಿಗೆ ಕೇಳುತ್ತದೆ. ತಮ್ಮ ಹಬ್ಬದ ದಿನವೇ ಅದರಲ್ಲಿ ಕನ್ನಡ ಎಂದು ಹಾಕಿದ್ದ. ಆದರೆ ಅದರ ಕೆಳಗೇ ಇನ್ನೊಂದು ಸಾಲು, ಭಾಷೆ ಯಾವುದೇ ಇರಲಿ ಡಿಫಾಲ್ಟ್ ಧ್ವನಿಯನ್ನೇ ನುಡಿಸು ಅಂತ, ಪಕ್ಕದಲ್ಲಿ ಟಿಕ್ಕು. ಮೇಲಿನ ಸಾಲಿನಲ್ಲಿ ನಿಮ್ಮಿಷ್ಟ ಎಂದು ಕೇಳಿ, ಕೆಳಗಿನ ಸಾಲಿನಲ್ಲಿ ನಮ್ಮಿಷ್ಟ ಎಂದು ಮುಗಿಸುವ ಈ ಶೈಲಿ ನನಗೆ ಪರಿಚಯವೇ, ನಾನು ಸರ್ಕಾರಿ ಅರ್ಜಿಗಳನ್ನು ತುಂಬಿದವನು. ಆ ಟಿಕ್ಕು ತೆಗೆದ ಕೂಡಲೇ ಅರ್ಧಕ್ಕರ್ಧ ಸಿನಿಮಾಗಳು ಕನ್ನಡಕ್ಕೆ ತಿರುಗಿದವು.

ಉಳಿದರ್ಧಕ್ಕೆ ಚೀಟಿಯೇ ತಪ್ಪು. ಕನ್ನಡದ ಧ್ವನಿಗೆ ಗುರುತೇ ಇಲ್ಲ, ಇಲ್ಲವೇ ಕನ್ನಡಕ್ಕೆ ತಮಿಳಿನ ಗುರುತು. ಅವಕ್ಕೆ ಎಂಕೆವಿ ಟೂಲ್‌ನಿಕ್ಸ್ ಎನ್ನುವ ಸಲಕರಣೆ. ಅದರ ಹೆಡರ್ ಎಡಿಟರ್‌ನಲ್ಲಿ ಫೈಲು ತೆರೆದರೆ ಎಡಗಡೆ ಚಿತ್ರ, ಧ್ವನಿ, ಅಡಿಬರಹಗಳು ಸಾಲಾಗಿ ಕೂತಿರುತ್ತವೆ. ಒಂದೊಂದನ್ನೇ ಮುಟ್ಟಿದರೆ ಬಲಗಡೆ ಅದರ ಜಾತಕ. ತಮ್ಮ ಬೆಂಗಳೂರಿಗೆ ಹೋದ ಮೇಲೆ ಈ ಕೆಲಸ ನನ್ನ ಪಾಲಿಗೆ ಬಂತು. ಧ್ವನಿ ಕೇಳಬೇಕು, ಯಾವ ಭಾಷೆ ಎಂದು ಗೊತ್ತುಮಾಡಬೇಕು, ಕೆ-ಎ-ಎನ್ ಹಾಕಬೇಕು, ಹಿಂದಿಯ ಕೈಯ ಬಾವುಟ ಇಳಿಸಿ ಕನ್ನಡದ ಕೈಗೆ ಕೊಡಬೇಕು, ಉಳಿಸಬೇಕು. ಸಿನಿಮಾ ಎಷ್ಟೇ ದೊಡ್ಡದಿರಲಿ, ತಲೆಚೀಟಿ ಮಾತ್ರ ಬದಲಾಗುವುದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಸರ್ವರಿಗೆ ಲೈಬ್ರರಿಯನ್ನು ಇನ್ನೊಮ್ಮೆ ಸ್ಕ್ಯಾನ್ ಮಾಡಲು ಹೇಳಬೇಕು. ಹೇಳದಿದ್ದರೆ ಅದು ಮೊದಲು ಓದಿ ಬರೆದಿಟ್ಟುಕೊಂಡದ್ದನ್ನೇ ನಂಬಿಕೊಂಡು ಕೂತಿರುತ್ತದೆ.

ಒಂದು ಸಿನಿಮಾ ಮಾತ್ರ ಕನ್ನಡಕ್ಕೆ ತಿರುಗಿಸಿದ ಮೇಲೆ ಮಾತೇ ಆಡಲಿಲ್ಲ. ಚಿತ್ರ ಓಡುತ್ತದೆ, ತುಟಿ ಅಲ್ಲಾಡುತ್ತದೆ, ಸದ್ದಿಲ್ಲ. 1934ರಲ್ಲಿ ‘ಸತಿ ಸುಲೋಚನ’ ಬಂದು ಕನ್ನಡ ಸಿನಿಮಾಕ್ಕೆ ಮಾತು ಕೊಟ್ಟದ್ದು ನಮ್ಮ ಟಿ.ವಿ.ಗೆ ಇನ್ನೂ ತಿಳಿದಿಲ್ಲವೇನೋ ಎಂದುಕೊಂಡೆ. ನಾನು ಅದನ್ನು ಪೆನ್‌ಡ್ರೈವ್‌ಗೆ ಹಾಕಿ ನೇರ ಟಿ.ವಿ.ಗೆ ಸಿಕ್ಕಿಸಿದ್ದೆ, ಅದರ ಕನ್ನಡ ಧ್ವನಿ ಡಿಟಿಎಸ್ ಜಾತಿಯದು, ಅದನ್ನು ಬಿಡಿಸುವ ವಿದ್ಯೆ ಎಲ್ಲ ಟಿ.ವಿ.ಗಳಿಗೂ ಇರುವುದಿಲ್ಲ. ಸರ್ವರಿನ ಮೂಲಕ ಹಾಕಿದರೆ ಅದು ಟಿ.ವಿ.ಗೆ ತಿಳಿಯುವ ಬೇರೆ ರೂಪಕ್ಕೆ ಬದಲಿಸಿ ಕಳಿಸುತ್ತದೆ. ಹಾಕಿದೆ, ಮಾತು ಬಂತು.

ಕೊನೆಗೊಂದು ದಿನ ‘ಕಾಂತಾರ’. ಚೀಟಿಯಲ್ಲಿ ಕೆ-ಎ-ಎನ್, ಬಾವುಟ ಕನ್ನಡದ ಕೈಲಿ, ಎಲ್ಲ ಸರಿ. ದೊಡ್ಡಪ್ಪ ಒಂದಷ್ಟು ಹೊತ್ತು ಕಿವಿಗೊಟ್ಟು ಕೇಳಿ ನನ್ನ ಕಡೆ ತಿರುಗಿದರು: “ಇನ್ನೂ ರಿಪೇರಿ ಆಗಿಲ್ವೇನ್ಲಾ?” ಅದು ಕರಾವಳಿಯ ಕನ್ನಡ ದೊಡ್ಡಪ್ಪ ಅಂದೆ. ಅವರು ನಂಬಿದಂತೆ ಕಾಣಲಿಲ್ಲ. ದೈವ ಮೈಮೇಲೆ ಬಂದು ಕೂಗಿದಾಗ ಮಾತ್ರ, “ಹ್ಞೂಂ, ಇದು ಅರ್ಥವಾಯ್ತು” ಅಂದರು.

ಈಗ ಮನೆಯಲ್ಲಿ ಒಬ್ಬೊಬ್ಬರಿಗೂ ಸರ್ವರಿನಲ್ಲಿ ಒಂದೊಂದು ಖಾತೆ. ಕೊಳ್ಳೇಗಾಲದ ಕಡೆಯಿಂದ ಬಂದ ಅತ್ತಿಗೆ ತಮಿಳು ಹಾಕಿಸಿಕೊಂಡಿದ್ದಾರೆ. ಮಗಳು ಜಪಾನಿ ಕಾರ್ಟೂನುಗಳನ್ನು ಜಪಾನಿಯಲ್ಲೇ ನೋಡುತ್ತಾಳೆ, ಡಬ್ಬಿಂಗ್ ಅಂದರೆ ಅವಳಿಗೆ ಆಗದು. ಈ ಒಂದು ವಿಷಯದಲ್ಲಿ ಅವಳೂ ದೊಡ್ಡಪ್ಪನೂ ಒಂದೇ ಪಕ್ಷ, ಅರವತ್ತು ವರ್ಷದ ಅಂತರದಲ್ಲಿ. ದೊಡ್ಡಪ್ಪನ ಖಾತೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ.

ಹೀಗಿರುವಾಗ ಅವರೇ ಒಂದು ಸಂಜೆ ‘ಮಾಯಾಬಜಾರ್’ ಹಾಕು ಅಂದರು. 1957ರದ್ದು, ರಂಗರಾಯರು ಘಟೋತ್ಕಚನಾಗಿ ಮದುವೆ ಊಟವನ್ನೆಲ್ಲ ಒಬ್ಬರೇ ಮುಗಿಸುವ ಸಿನಿಮಾ. ರಜೆಗೆ ಬಂದಿದ್ದ ತಮ್ಮ ಸಂಕೋಚದಿಂದ, “ದೊಡ್ಡಪ್ಪ, ಇದ್ರಲ್ಲಿ ಕನ್ನಡ ಇಲ್ಲ, ತೆಲುಗೊಂದೇ ಇರೋದು” ಅಂದ.

“ಕನ್ನಡ ಯಾಕ್ಲಾ ಬೇಕು? ರಂಗರಾವ್ ಬಾಯಲ್ಲಿ ತೆಲುಗೇ ಚೆಂದ. ಆ ಗಂಟ್ಲು ಇನ್ಯಾರಿಗದೆ?”

ಲಡ್ಡುಗಳು ತಾವಾಗಿಯೇ ಹಾರಿ ಬಾಯಿಗೆ ಬೀಳತೊಡಗಿದವು, ಹಾಡು ಶುರುವಾಯಿತು. ತಮ್ಮ ಸುಮ್ಮನಿರಬಹುದಿತ್ತು. “ಹಾಡ್ತಿರೋ ಗಂಟ್ಲು ರಂಗರಾವ್ದಲ್ಲ ದೊಡ್ಡಪ್ಪ, ಮಾಧವಪೆದ್ದಿ ಸತ್ಯಂ ಅವ್ರದು” ಅಂದ. ದೊಡ್ಡಪ್ಪ ತಿರುಗಿ ನೋಡಲಿಲ್ಲ. ಇವನು ಅಲ್ಲಿಗೂ ನಿಲ್ಲಿಸಲಿಲ್ಲ: “ರಾಜ್‌ಕುಮಾರ್‌ಗೂ 1974ರ ‘ಸಂಪತ್ತಿಗೆ ಸವಾಲ್’ ಬರೋವರ್ಗೂ ಹೆಚ್ಚಾಗಿ ಹಾಡ್ತಿದ್ದೋರು ಪಿ.ಬಿ. ಶ್ರೀನಿವಾಸ್ ಅಲ್ವಾ, ಅವ್ರೂ ಆಂಧ್ರದ ಕಾಕಿನಾಡದೋರೇ.”

ದೊಡ್ಡಪ್ಪ ರಿಮೋಟು ಎತ್ತಿಕೊಂಡು, ಕನ್ನಡಕವಿಲ್ಲದೆಯೇ ಸರಿಯಾದ ಗುಂಡಿ ಹುಡುಕಿ, ಬೀದಿಯವರೆಗೂ ಕೇಳುವ ಹಾಗೆ ಸದ್ದು ಏರಿಸಿದರು.